ಮಕ್ಕಳ ಕಣ್ಣಿಗೆ ಕಾಣುವ ಎಚ್ಚರ: ಶಾಲೆಯ ವರ್ಕ್‌ಶಾಪಿನಲ್ಲಿ ಸುರಕ್ಷತೆಯ ಚಿತ್ರಗಳು

(ಚೌಳಹಿರಿಯೂರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



ದತ್ತಿ ಉಪನ್ಯಾಸ ಎಂದರೆ ವಚನ, ಇತಿಹಾಸ, ಜಾನಪದ ಇಂಥ ವಿಷಯಗಳನ್ನು ಜನ ನಿರೀಕ್ಷಿಸುತ್ತಾರೆ. ಶಾಲೆಯ ವರ್ಕ್‌ಶಾಪಿನ ಗೋಡೆಯ ಮೇಲೆ ಯಾವ ಚಿತ್ರ ಇರಬೇಕು, ಎಷ್ಟು ಎತ್ತರದಲ್ಲಿ ಇರಬೇಕು ಎಂಬ ಮಾತಿಗೆ ಒಂದು ಸಂಜೆ ಬಿಟ್ಟುಕೊಟ್ಟಿದ್ದೀರಿ. ಅದಕ್ಕೆ ನಾನು ಋಣಿ. ನಾನು ಫಿಟ್ಟರ್ ಟ್ರೇಡಿನ ಹುಡುಗರಿಗೆ ಪಾಠ ಹೇಳಿದವನು. ಅರ ಹಿಡಿಯುವುದನ್ನು ಕಲಿಸುವ ಮೊದಲು ಬೆರಳು ಉಳಿಸಿಕೊಳ್ಳುವುದನ್ನು ಕಲಿಸಬೇಕು ಎಂಬುದು ನಮ್ಮ ಕಸುಬಿನ ಮೊದಲ ಪಾಠ. ಆ ಪಾಠವನ್ನು ಮಾತಿನಲ್ಲಿ ಹೇಳಿದರೆ ಗಂಟೆ ಹೊಡೆಯುವಷ್ಟರಲ್ಲಿ ಮರೆತುಹೋಗುತ್ತದೆ. ಗೋಡೆಯ ಮೇಲೆ ಬರೆದರೆ ಉಳಿಯುತ್ತದೆ ಎಂದು ನಂಬಿದ್ದೇವೆ. ಉಳಿಯುತ್ತದೆಯೇ, ಹೇಗೆ ಬರೆದರೆ ಉಳಿಯುತ್ತದೆ ಎಂಬುದೇ ಇವತ್ತಿನ ವಿಚಾರ.

ಶಾಲೆಯಲ್ಲಿ ಕೈಕೆಲಸ ಇರಬೇಕೆಂಬುದು ಹೊಸ ಮಾತಲ್ಲ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಅದನ್ನೇ ಹೇಳಿದರು. 1964ರಿಂದ 66ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗ ಕಾರ್ಯಾನುಭವವನ್ನು ಎಲ್ಲ ಮಕ್ಕಳಿಗೂ ಕೊಡಬೇಕೆಂದಿತು. ನಡುವೆ ಅದು ಸೊರಗಿತು. ಈಗ ಬೇರೆ ಬೇರೆ ಹೆಸರಿನಲ್ಲಿ ಮರಳಿ ಬರುತ್ತಿದೆ. ಕೆಲವು ಸರ್ಕಾರಿ ಪ್ರೌಢಶಾಲೆಗಳಲ್ಲಿ ವೃತ್ತಿ ಶಿಕ್ಷಣದಡಿ ಆಟೋಮೊಬೈಲ್ ಕಲಿಸುತ್ತಾರೆ. 2016ರಲ್ಲಿ ಶುರುವಾದ ಅಟಲ್ ಟಿಂಕರಿಂಗ್ ಲ್ಯಾಬ್‌ಗಳಲ್ಲಿ ಆರನೇ ತರಗತಿಯ ಮಗುವಿನ ಕೈಗೂ ಬೆಸುಗೆ ಕಡ್ಡಿ, ಡ್ರಿಲ್ ಸಿಗುತ್ತದೆ. ಇದು ಸಂತೋಷದ ಸಂಗತಿ. ಅಡಿಕೆ ಸುಲಿಯುವ ಯಂತ್ರ, ಬೋರ್‌ವೆಲ್ ಮೋಟಾರು, ಟಿಲ್ಲರು ಇಲ್ಲದ ಮನೆ ನಮ್ಮ ಸೀಮೆಯಲ್ಲಿ ಕಡಿಮೆ. ಅವುಗಳನ್ನು ಬಿಚ್ಚಿ ಜೋಡಿಸುವುದನ್ನು ಶಾಲೆಯೇ ಕಲಿಸಿದರೆ ಅದಕ್ಕಿಂತ ಬೇಕಾದ್ದೇನು?

ಆದರೆ ಒಂದು ತೊಡಕಿದೆ. ಕಾರ್ಖಾನೆಯ ಕೆಲಸಗಾರನಿಗೆ ಕಾನೂನಿನ ಆಸರೆ ಮೊದಲಿನಿಂದಲೂ ಇತ್ತು. 1948ರ ಕಾರ್ಖಾನೆ ಕಾಯ್ದೆಯ 21ನೇ ಕಲಂ ಯಂತ್ರಕ್ಕೆ ಬೇಲಿ ಹಾಕು ಎಂದಿತು. 35ನೇ ಕಲಂ ಕಣ್ಣಿಗೆ ರಕ್ಷಣೆ ಕೊಡು ಎಂದಿತು. 108ನೇ ಕಲಂ ಕಾರ್ಖಾನೆಯ ಪ್ರಕಟಣೆಗಳು ಇಂಗ್ಲಿಷಿನ ಜೊತೆಗೆ ಬಹುಪಾಲು ಕೆಲಸಗಾರರಿಗೆ ತಿಳಿಯುವ ಭಾಷೆಯಲ್ಲೂ ಇರಲಿ ಎಂದಿತು. ಅದೇ ಕಾಯ್ದೆಯ 86ನೇ ಕಲಂ, ಶಿಕ್ಷಣ ಮತ್ತು ತರಬೇತಿಗಾಗಿ ನಡೆಯುವ ಸಾರ್ವಜನಿಕ ಸಂಸ್ಥೆಗಳ ವರ್ಕ್‌ಶಾಪುಗಳಿಗೆ ವಿನಾಯಿತಿ ಕೊಡುವ ಅಧಿಕಾರವನ್ನು ರಾಜ್ಯ ಸರ್ಕಾರದ ಕೈಗಿತ್ತಿತು. ಮೂವತ್ತು ವರ್ಷ ಲೇತ್ ತಿರುಗಿಸಿದವನ ಸುತ್ತ ಕಾನೂನಿನ ಬೇಲಿ ಗಟ್ಟಿಯಾಗಿತ್ತು. ಮೊದಲ ದಿನ ಡ್ರಿಲ್ ಮುಟ್ಟುವ ಹದಿಮೂರರ ಮಗುವಿನ ಸುತ್ತ ಆ ಬೇಲಿ ಸಡಿಲವಾಗಬಹುದಿತ್ತು. ಇಂಗ್ಲೆಂಡಿನಲ್ಲಿ ಶಾಲಾ ವರ್ಕ್‌ಶಾಪುಗಳಿಗೆಂದೇ ಬಿಎಸ್ 4163 ಎಂಬ ಪ್ರತ್ಯೇಕ ಮಾನಕ ಇದೆ; ಯಂತ್ರಗಳ ನಡುವೆ ಎಷ್ಟು ಜಾಗ ಬಿಡಬೇಕು ಎಂಬುದರಿಂದ ಹಿಡಿದು ಎಲ್ಲವನ್ನೂ ಅದು ಹೇಳುತ್ತದೆ. ನಮ್ಮಲ್ಲಿ ಆ ಹೊಣೆಯ ದೊಡ್ಡ ಪಾಲು ಶಿಕ್ಷಕರ ವಿವೇಕದ ಮೇಲೆ ಬಿದ್ದಿದೆ. ಹಾಗಾಗಿಯೇ ಈ ಮಾತನ್ನು ಊರಿನವರ ಮುಂದೆ ಆಡಬೇಕೆನಿಸಿತು.

ಸುರಕ್ಷತಾ ಚಿಹ್ನೆಗಳಿಗೆ ಜಗತ್ತು ಒಪ್ಪಿದ ಒಂದು ವ್ಯಾಕರಣ ಇದೆ. ಅಂತರರಾಷ್ಟ್ರೀಯ ಮಾನಕ ಐಎಸ್‌ಒ 7010, ನಮ್ಮ ಭಾರತೀಯ ಮಾನಕ ಐಎಸ್ 9457, ಎರಡರ ತಳಹದಿಯೂ ಒಂದೇ. ಕೆಂಪು ವೃತ್ತಕ್ಕೆ ಓರೆ ಗೆರೆ ಎಳೆದಿದ್ದರೆ ಮಾಡಬೇಡ. ನೀಲಿ ವೃತ್ತ ಕಂಡರೆ ಮಾಡಲೇಬೇಕು. ಹಳದಿ ತ್ರಿಕೋನ ಎಂದರೆ ಇಲ್ಲಿ ಅಪಾಯ ಇದೆ, ನೋಡಿಕೋ. ಹಸಿರು ಚೌಕ ಎಂದರೆ ಇಲ್ಲಿ ರಕ್ಷಣೆ ಇದೆ: ಪ್ರಥಮ ಚಿಕಿತ್ಸೆ, ಹೊರಹೋಗುವ ದಾರಿ. ಬೆಂಕಿ ಆರಿಸುವ ಸಾಧನಕ್ಕೆ ಕೆಂಪು ಚೌಕ. ಬಣ್ಣದ ಜೊತೆಗೆ ಆಕಾರವೂ ಬದಲಾಗುವುದನ್ನು ಗಮನಿಸಿ. ಕೆಂಪು ಹಸಿರಿನ ವ್ಯತ್ಯಾಸ ತಿಳಿಯದ ಕಣ್ಣುಗಳಿವೆ, ಗಂಡುಮಕ್ಕಳಲ್ಲಿ ಹೆಚ್ಚು. ಅಂಥ ಹುಡುಗನಿಗೆ ವೃತ್ತ, ತ್ರಿಕೋನ, ಚೌಕಗಳೇ ದಾರಿ ತೋರಿಸಬೇಕು. ಹಾಗಾಗಿ ಚೆಂದಕ್ಕೆಂದು ಆಕಾರ ಬದಲಿಸುವ ಸ್ವಾತಂತ್ರ್ಯ ನಮಗಿಲ್ಲ.

ಇಷ್ಟನ್ನು ಕಲಿಸಿದರೆ ಮುಗಿಯಿತು ಎಂದು ನಾವು ತಿಳಿಯುತ್ತೇವೆ. ಆದರೆ ಮಗು ಖಾಲಿ ಕಣ್ಣಿನಿಂದ ಶಾಲೆಗೆ ಬರುವುದಿಲ್ಲ. ನಮ್ಮ ಕಡೂರು, ಅಜ್ಜಂಪುರ, ತರೀಕೆರೆ ಕಡೆಯ ಮಗು ಎಂಟನೇ ತರಗತಿಗೆ ಬರುವ ಹೊತ್ತಿಗೆ ಬಣ್ಣಗಳ ಬೇರೆಯದೇ ಪಾಠವನ್ನು ಹೊಲದಲ್ಲಿ ಕಲಿತಿರುತ್ತದೆ.

ಈರುಳ್ಳಿಗೆ ಔಷಧಿ ಹೊಡೆಯುವ ಕಾಲದಲ್ಲಿ ಬದುವಿನ ಮೇಲೆ ಬಿದ್ದಿರುವ ಡಬ್ಬಿಗಳನ್ನು ನೆನಪಿಸಿಕೊಳ್ಳಿ. 1971ರ ಕೀಟನಾಶಕ ನಿಯಮಗಳ ಪ್ರಕಾರ ಪ್ರತಿ ಡಬ್ಬಿಯ ಮೇಲೂ ಮೂಲೆಯ ಮೇಲೆ ನಿಲ್ಲಿಸಿದ ಒಂದು ಚೌಕ ಇರಬೇಕು, ಅದರೊಳಗೆ ಎರಡು ತ್ರಿಕೋನ. ಕೆಳಗಿನ ತ್ರಿಕೋನ ಕೆಂಪಾಗಿದ್ದರೆ ಅತಿ ಘೋರ ವಿಷ, ಮೇಲೆ ತಲೆಬುರುಡೆ ಇರುತ್ತದೆ. ಹಳದಿಯಾಗಿದ್ದರೆ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ. ನೀಲಿಗೆ ಮಧ್ಯಮ ವಿಷ. ಹಸಿರಿಗೆ ಕಡಿಮೆ ವಿಷ, ಕಡಿಮೆಯಾದರೂ ವಿಷವೇ. ಈಗ ಇದನ್ನು ವರ್ಕ್‌ಶಾಪಿನ ವ್ಯಾಕರಣದ ಪಕ್ಕದಲ್ಲಿಟ್ಟು ನೋಡಿ. ಡಬ್ಬಿಯ ಮೇಲೆ ನೀಲಿ ಅಪಾಯದ ಒಂದು ಮಟ್ಟ. ವರ್ಕ್‌ಶಾಪಿನಲ್ಲಿ ನೀಲಿ ಒಂದು ಆಜ್ಞೆ. ಡಬ್ಬಿಯ ಮೇಲೆ ಹಸಿರು ಎಂದರೆ ಹುಷಾರಾಗಿರು; ವರ್ಕ್‌ಶಾಪಿನಲ್ಲಿ ಹಸಿರು ಎಂದರೆ ಇಲ್ಲಿಗೆ ಬಾ, ಇಲ್ಲಿ ನೆರವಿದೆ.

ಬೋರ್‌ವೆಲ್ ಸ್ಟಾರ್ಟರಿನ ಹಸಿರು ಗುಂಡಿ ಒತ್ತಿದರೆ ಮೋಟಾರು ಓಡುತ್ತದೆ, ಕೆಂಪು ಒತ್ತಿದರೆ ನಿಲ್ಲುತ್ತದೆ. ಬೀರೂರಿನಿಂದ ಅಜ್ಜಂಪುರ, ಶಿವನಿ ಕಡೆಗೆ ಹೋಗುವ ರೈಲಿಗೆ ಹಸಿರು ಬಾವುಟ ಬೀಸಿದರೆ ಹೊರಡು ಎಂದರ್ಥ. ಒಂದೇ ಮಗುವಿನ ತಲೆಯಲ್ಲಿ ಹಸಿರಿಗೆ ನಾಲ್ಕು ಅರ್ಥ. ಇದರಲ್ಲಿ ತಪ್ಪು ಯಾರದೂ ಇಲ್ಲ. ಪ್ರತಿಯೊಂದು ಪದ್ಧತಿಯೂ ತನ್ನ ಜಾಗದಲ್ಲಿ ಸರಿಯಾಗಿಯೇ ಇದೆ. ಆದರೆ ಪಾಠ ಹೇಳುವವರು ಈ ಗೊಂದಲ ಇದೆ ಎಂಬುದನ್ನು ತಿಳಿದಿರಬೇಕು. ನೀಲಿ ವೃತ್ತದ ಪಾಠವನ್ನು ನಾನಾದರೆ ಔಷಧಿ ಡಬ್ಬಿಯಿಂದಲೇ ಶುರುಮಾಡುತ್ತೇನೆ. ಖಾಲಿ ಡಬ್ಬಿಯನ್ನು ತರಗತಿಗೆ ತರಬಾರದು. ಲೇಬಲ್ಲಿನ ಫೋಟೊ ಸಾಕು. ‘ಇದು ನಿಮಗೆ ಗೊತ್ತಿರುವ ನೀಲಿ. ಇಲ್ಲಿರುವ ನೀಲಿ ಬೇರೆ’ ಎಂದು ಎರಡನ್ನೂ ಅಕ್ಕಪಕ್ಕ ಇಟ್ಟು ಹೇಳಬೇಕು. ಜೊತೆಗೆ, ಆ ಡಬ್ಬಿಯ ಬಣ್ಣದ ಅರ್ಥ ಮನೆಯಲ್ಲಿ ಎಷ್ಟು ಜನರಿಗೆ ಗೊತ್ತು ಎಂದು ಕೇಳಿಕೊಂಡು ಬರಲು ಮಕ್ಕಳಿಗೆ ಹೇಳಬೇಕು. ವರ್ಕ್‌ಶಾಪಿನ ಪಾಠದಿಂದ ಹೊಲಕ್ಕೂ ಲಾಭವಾದರೆ ಒಳ್ಳೆಯದೇ.

ಚಿತ್ರ ಇದ್ದರೆ ಓದು ಬಾರದವರಿಗೂ ಅರ್ಥವಾಗುತ್ತದೆ ಎಂಬ ನಂಬಿಕೆ ಬಹಳ ಆಳವಾಗಿದೆ. ಅದನ್ನು ಅಲ್ಲಾಡಿಸುವ ಒಂದು ಘಟನೆಯನ್ನು ಹೇಳುತ್ತೇನೆ. ರೈತರು ಕೇಳಬೇಕಾದ ಘಟನೆ. 1971ರಲ್ಲಿ ಬರದಿಂದ ಕಂಗೆಟ್ಟಿದ್ದ ಇರಾಕಿಗೆ ಹೊರದೇಶಗಳಿಂದ ಬಿತ್ತನೆಯ ಗೋಧಿ, ಬಾರ್ಲಿ ಬಂತು. ಬೂಷ್ಟು ಹಿಡಿಯದಿರಲೆಂದು ಬೀಜಕ್ಕೆ ಪಾದರಸದ ವಿಷ ಲೇಪಿಸಿ, ಗುರುತಿಗೆ ಕೆಂಪು ಬಣ್ಣ ಹಾಕಿದ್ದರು. ಚೀಲಗಳ ಮೇಲೆ ಎಚ್ಚರಿಕೆ ಇತ್ತು: ಇಂಗ್ಲಿಷಿನಲ್ಲಿ, ಸ್ಪ್ಯಾನಿಷಿನಲ್ಲಿ. ತಲೆಬುರುಡೆಯ ಚಿತ್ರವೂ ಇತ್ತು. ಆ ಹಳ್ಳಿಗಳ ಜನರಿಗೆ ಆ ಭಾಷೆಗಳೂ ತಿಳಿಯಲಿಲ್ಲ, ಆ ಬುರುಡೆ ಏನು ಹೇಳುತ್ತಿದೆ ಎಂಬುದೂ ತಿಳಿಯಲಿಲ್ಲ. ಬಿತ್ತನೆ ಕಾಲ ಮುಗಿದ ಮೇಲೆ ಬೀಜ ಬಂದ ಕಡೆ ಅದನ್ನು ಬೀಸಿ ರೊಟ್ಟಿ ಮಾಡಿಕೊಂಡರು. ತೊಳೆದಾಗ ಕೆಂಪು ಬಣ್ಣ ಹೋಯಿತು, ಬಣ್ಣದ ಜೊತೆ ವಿಷವೂ ಹೋಯಿತೆಂದು ತಿಳಿದರು. ಆರೂವರೆ ಸಾವಿರ ಜನ ಆಸ್ಪತ್ರೆ ಸೇರಿದರು. ಆಸ್ಪತ್ರೆಗಳಲ್ಲೇ ಸತ್ತವರು 459. ನಮ್ಮಲ್ಲೂ ಜೋಳದ ಬಿತ್ತನೆ ಬೀಜಕ್ಕೆ ಗುಲಾಬಿ ಬಣ್ಣ ಹಾಕಿರುತ್ತಾರೆ. ಆ ಬಣ್ಣ ಏಕಿದೆ ಎಂದು ನಮಗೆ ಯಾರೋ ಬಾಯಿಬಿಟ್ಟು ಹೇಳಿದ್ದರಿಂದ ಗೊತ್ತು. ಬರೀ ಬಣ್ಣ ನೋಡಿ ತಿಳಿದದ್ದಲ್ಲ.

ಇನ್ನೊಂದು ಉದಾಹರಣೆ ನಮ್ಮ ದೇಶದ್ದೇ. 2009ರ ಮೇ ತಿಂಗಳ ಕೊನೆಯಲ್ಲಿ ತಂಬಾಕಿನ ಪ್ಯಾಕೆಟ್ಟುಗಳ ಮೇಲೆ ಚಿತ್ರದ ಎಚ್ಚರಿಕೆ ಕಡ್ಡಾಯವಾಯಿತು. ಜಗಿಯುವ ತಂಬಾಕಿನ ಮೇಲೆ ಬಂದದ್ದು ಚೇಳಿನ ಚಿತ್ರ. ಚೇಳಿಗೂ ಬಾಯಿಯ ಕ್ಯಾನ್ಸರಿಗೂ ಇರುವ ಸಂಬಂಧವನ್ನು ಒಬ್ಬ ಜಾಣ ವಿವರಿಸಬಹುದು. ಗುಟ್ಕಾ ಚೀಟಿ ಹರಿಯುವವನಿಗೆ ಅದು ಒಂದು ಮಾರ್ಕಿನ ಹಾಗೆ ಕಂಡರೆ ಆಶ್ಚರ್ಯವಿಲ್ಲ. 2011ರ ಕೊನೆಗೆ ಚೇಳು ಹೋಯಿತು, ಕ್ಯಾನ್ಸರಿನಿಂದ ಕೆಟ್ಟ ಬಾಯಿಯ ಚಿತ್ರಗಳು ಬಂದವು.

ಚಿತ್ರ ಬಿಡಿಸುವವರ ಜವಾಬ್ದಾರಿ ಬರೆದು ಮುಗಿಸಿದಾಗ ಮುಗಿಯುವುದಿಲ್ಲ, ಅದನ್ನು ಜನರ ಮುಂದಿಟ್ಟು ಕೇಳಬೇಕು. ಜಗತ್ತಿನಲ್ಲಿ ಚೆನ್ನಾಗಿ ನೆಲೆಯೂರಿದ ಚಿಹ್ನೆಗಳ ಹಿಂದೆ ಈ ಕೇಳುವ ಕೆಲಸ ಇದೆ. ಆಸ್ಪತ್ರೆ ಕಸದ ಹಳದಿ ಚೀಲದ ಮೇಲೆ ಮೂರು ಕೊಂಬಿನ ಹಾಗಿರುವ ಗುರುತು ನೋಡಿದ್ದೀರಿ. ಅಮೆರಿಕದ ಡೌ ಕೆಮಿಕಲ್ ಕಂಪನಿಯ ಚಾರ್ಲ್ಸ್ ಬಾಲ್ಡ್‌ವಿನ್ 1966ರಲ್ಲಿ ಅದನ್ನು ರೂಪಿಸುವಾಗ, ಮೊದಲೇ ಯಾವ ಅರ್ಥವೂ ಇಲ್ಲದ, ಒಮ್ಮೆ ನೋಡಿದರೆ ಮರೆಯದ ಆಕಾರ ಬೇಕೆಂದು ಹುಡುಕಿದರು. ಹಲವು ಗುರುತುಗಳನ್ನು ಜನರಿಗೆ ತೋರಿಸಿ, ವಾರ ಬಿಟ್ಟು ಮತ್ತೆ ತೋರಿಸಿ, ಯಾವುದು ನೆನಪಿನಲ್ಲಿ ಉಳಿದಿದೆ ಎಂದು ನೋಡಿ ಆರಿಸಿದರು. ಅರ್ಥವನ್ನು ಆಮೇಲೆ ಕಲಿಸಿದರು. ಬಾಗಿಲ ಕಡೆಗೆ ಓಡುವ ಹಸಿರು ಮನುಷ್ಯನ ಗುರುತು ಹುಟ್ಟಿದ್ದು ಜಪಾನಿನಲ್ಲಿ. 1972ರಲ್ಲಿ ಒಸಾಕಾದ ಬಹುಮಹಡಿ ಅಂಗಡಿಯೊಂದರ ಬೆಂಕಿಯಲ್ಲಿ 118 ಜನ ಸತ್ತರು. ಮರುವರ್ಷ ಇನ್ನೊಂದು ಅಂಥದೇ ದುರಂತ. ಆಮೇಲೆ ನಡೆದ ಸ್ಪರ್ಧೆಗೆ ಬಂದ ಸಾವಿರಾರು ಚಿತ್ರಗಳಿಂದ ಪರೀಕ್ಷೆಗೆ ಒಡ್ಡಿ ಆರಿಸಿಕೊಂಡರು. ಯುಕಿಯೊ ಓಟಾ ಅದಕ್ಕೆ ಅಂತಿಮ ರೂಪ ಕೊಟ್ಟರು.

ಶಾಲೆಯಲ್ಲಿ ಈ ಪರೀಕ್ಷೆ ಮಾಡುವುದು ಕಷ್ಟವಲ್ಲ, ಖರ್ಚಿನದೂ ಅಲ್ಲ. ಚಿತ್ರವನ್ನು ಒಂದು ಕಾಗದದ ಮೇಲೆ ಬಿಡಿಸಿ, ಮಗುವೊಂದನ್ನೇ ಕರೆದು ಎರಡು ಪ್ರಶ್ನೆ ಕೇಳಬೇಕು. ಇದು ಏನು ಹೇಳುತ್ತಿದೆ? ಇದನ್ನು ನೋಡಿದ ಮೇಲೆ ನೀನು ಏನು ಮಾಡುತ್ತೀಯ? ಇಡೀ ತರಗತಿಗೆ ತೋರಿಸಿ ‘ಗೊತ್ತಾಯ್ತಾ?’ ಎಂದು ಕೇಳಬಾರದು. ‘ಗೊತ್ತಾಯ್ತು ಸಾರ್’ ಎಂಬ ಒಕ್ಕೊರಲಿನ ಉತ್ತರ ನಮಗೆಲ್ಲ ಗೊತ್ತಿರುವುದೇ. ಮಗು ಹೇಳಿದ ಮಾತನ್ನು ತಿದ್ದದೆ ಹಾಗೆಯೇ ಬರೆದುಕೊಳ್ಳಬೇಕು. ಅಮೆರಿಕದ ಮಾನಕವೊಂದರಲ್ಲಿ ಇದಕ್ಕೆ ಅಳತೆ ಇದೆ: ನೂರಕ್ಕೆ 85 ಜನ ಸರಿಯಾಗಿ ಹೇಳಬೇಕು, ತದ್ವಿರುದ್ಧ ಅರ್ಥ ಮಾಡಿಕೊಂಡವರು 5ಕ್ಕಿಂತ ಹೆಚ್ಚಿರಬಾರದು. ಈ ಎರಡನೆಯ ಸಂಖ್ಯೆಯೇ ನನ್ನ ಮಟ್ಟಿಗೆ ಮುಖ್ಯ. ಗೊತ್ತಿಲ್ಲ ಎನ್ನುವ ಮಗು ಮೇಷ್ಟ್ರನ್ನು ಕೇಳುತ್ತದೆ. ಉಲ್ಟಾ ತಿಳಿದುಕೊಂಡ ಮಗು ಕೇಳುವುದಿಲ್ಲ, ಮಾಡಿಬಿಡುತ್ತದೆ.

ಆಟೋಮೊಬೈಲ್ ಕಲಿಸುವ ಕಡೆ ಬ್ಯಾಟರಿ ಆಸಿಡ್ ಇರುತ್ತದೆ. ಅದಕ್ಕೆ ಅಂತರರಾಷ್ಟ್ರೀಯ ಗುರುತು ಹಳದಿ ತ್ರಿಕೋನದೊಳಗೆ ಒಂದು ಕೈ, ಅದರ ಮೇಲೆ ಕೊಳವೆಯಿಂದ ಬೀಳುವ ಹನಿಗಳು. ಒಂದು ಪ್ರೌಢಶಾಲೆಯಲ್ಲಿ ಇದನ್ನು ತೋರಿಸಿದಾಗ ಹುಡುಗಿಯೊಬ್ಬಳು ತಡವರಿಸದೆ ಹೇಳಿದಳು: ‘ಇಲ್ಲಿ ಕೈ ತೊಳ್ಕೋಬೇಕು ಸಾರ್.’ ಬಿಸಿಯೂಟಕ್ಕೆ ಮುಂಚೆ ಕೈ ತೊಳೆಯುವ ಚಿತ್ರವನ್ನು ದಿನವೂ ನೋಡುವ ಮಗು ಬೇರೆ ಏನು ಹೇಳೀತು? ಅವಳ ಉತ್ತರ ಕೇಳಿದ ಮೇಲೆ ನಾವು ಗುರುತನ್ನು ಬದಲಿಸಲಿಲ್ಲ. ಮುಂದೆ ಐಟಿಐಯಲ್ಲಿ, ಕಾರ್ಖಾನೆಯಲ್ಲಿ ಅವಳು ನೋಡುವುದು ಅದೇ ಗುರುತನ್ನು. ಅದರ ಕೆಳಗೆ ದೊಡ್ಡದಾಗಿ ‘ಆಸಿಡ್: ಕೈ ಸುಡುತ್ತದೆ’ ಎಂದು ಬರೆಸಿ, ಕೈ ತೊಳೆಯುವ ನಲ್ಲಿಯ ಬಳಿ ಅದರದೇ ಆದ ನೀಲಿ ವೃತ್ತ ಹಾಕಿಸಿ, ಎರಡರ ವ್ಯತ್ಯಾಸವನ್ನು ಪಾಠವಾಗಿ ಮಾಡಿದೆವು. ಸುರಕ್ಷತಾ ಚಿತ್ರದ ವಿನ್ಯಾಸ ಎಂದರೆ ನನ್ನ ತಿಳಿವಳಿಕೆಯಲ್ಲಿ ಇದು: ಗುರುತು, ಅದರ ಕೆಳಗಿನ ಮಾತು, ಅದನ್ನು ಹಾಕಿದ ಜಾಗ, ಅದರ ಮೇಲೆ ನಡೆದ ಪಾಠ, ಈ ನಾಲ್ಕೂ ಸೇರಿದರೆ ಒಂದು ಫಲಕ.

ಒಂದು ಮಾತನ್ನು ಮಾತ್ರ ಒತ್ತಿ ಹೇಳಬೇಕಾಗಿದೆ. ಯಂತ್ರಕ್ಕೆ ಕಾಪು ಹಾಕದೆ ಅದರ ಮೇಲೆ ಫಲಕ ಹಾಕುವುದು ಮಕ್ಕಳಿಗೆ ಮಾಡುವ ಅನ್ಯಾಯ. ಒಕ್ಕಣೆ ಯಂತ್ರದ ಕಥೆ ನೋಡಿ. ಹಸಿರು ಕ್ರಾಂತಿಯ ನಂತರ ಉತ್ತರ ಭಾರತದಲ್ಲಿ ಗೋಧಿ ಒಕ್ಕುವ ಯಂತ್ರಗಳು ಹೆಚ್ಚಿದಂತೆ ಕೈ ಕಳೆದುಕೊಂಡವರೂ ಹೆಚ್ಚಿದರು. 1983ರಲ್ಲಿ ಸಂಸತ್ತು ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯ್ದೆಯನ್ನೇ ಮಾಡಬೇಕಾಯಿತು. ಭಾರತೀಯ ಮಾನಕ ಐಎಸ್ 9020 ಕೊಟ್ಟ ಪರಿಹಾರ ಬಹಳ ಸರಳ: ತೆನೆ ತಳ್ಳುವ ದೋಣಿ ಕನಿಷ್ಠ 900 ಮಿಲಿಮೀಟರ್ ಉದ್ದ ಇರಲಿ, ಅದರಲ್ಲಿ ಯಂತ್ರದ ಕಡೆಯ 450 ಮಿಲಿಮೀಟರ್ ಮುಚ್ಚಿರಲಿ. ಕೈ ಚಾಚಿದರೂ ಹಲ್ಲಿನ ಹತ್ತಿರ ಹೋಗುವುದು ಕಷ್ಟ. ‘ಎಚ್ಚರಿಕೆ’ ಎಂದು ಹತ್ತು ಕಡೆ ಬರೆದರೂ ಆ ಮುಚ್ಚಳ ಮಾಡುವ ಕೆಲಸವನ್ನು ಅಕ್ಷರ ಮಾಡಲಾರದು. ನಿದ್ದೆಗಣ್ಣಿನಲ್ಲಿ, ಧೂಳಿನಲ್ಲಿ, ಅವಸರದಲ್ಲಿ ಮನುಷ್ಯ ಓದುವುದಿಲ್ಲ. ಶಾಲೆಯ ವರ್ಕ್‌ಶಾಪಿಗೆ ದತ್ತಿಯ ಹಣ ಬಂದರೆ ಮೊದಲ ರೂಪಾಯಿ ಬೆಲ್ಟಿನ ಕವರಿಗೆ, ಅರ್ಥಿಂಗಿಗೆ, ಮಕ್ಕಳ ಅಳತೆಯ ಕನ್ನಡಕಕ್ಕೆ ಹೋಗಲಿ. ಬಣ್ಣದ ಡಬ್ಬಿ ಆಮೇಲೆ.

ಕಾಪು ಹಾಕಿದ ಮೇಲೂ ಉಳಿಯುವ ಅಪಾಯಕ್ಕೆ ಚಿತ್ರ ಬೇಕು. ಅದು ಯಂತ್ರದ ಬಳಿ, ಕೈಯ ಹತ್ತಿರ ಇರಬೇಕು. ಬೆಂಚ್ ಗ್ರೈಂಡರನ್ನೇ ತೆಗೆದುಕೊಳ್ಳೋಣ. ಉಳಿ, ಬಾಚಿ ಸಾಣೆ ಹಿಡಿಯುವ ಸಾಮಾನ್ಯ ಯಂತ್ರ. 150 ಮಿಲಿಮೀಟರ್ ಕಲ್ಲು ನಿಮಿಷಕ್ಕೆ 2,800ಕ್ಕಿಂತ ಹೆಚ್ಚು ಸುತ್ತು ತಿರುಗುತ್ತದೆ. ಲೆಕ್ಕ ಹಾಕಿದರೆ ಕಲ್ಲಿನ ಅಂಚು ಗಂಟೆಗೆ ಸುಮಾರು 80 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ, ಕಡೂರು ಹೆದ್ದಾರಿಯ ಬಸ್ಸಿನಷ್ಟೇ. ಆದರೆ ಕಣ್ಣಿಗೆ ಅದು ನಿಂತ ಹಾಗೆಯೇ ಕಾಣುತ್ತದೆ, ಅಪಾಯ ಇರುವುದೇ ಅಲ್ಲಿ. ಕೆಲಸ ಊರುವ ಪಟ್ಟಿಗೂ ಕಲ್ಲಿಗೂ ನಡುವೆ 3 ಮಿಲಿಮೀಟರಿಗಿಂತ ಹೆಚ್ಚು ಸಂದು ಇರಬಾರದು. ಇದ್ದರೆ ಹಿಡಿದ ಕಬ್ಬಿಣ ಆ ಸಂದಿಗೆ ಸಿಕ್ಕಿ ಕಲ್ಲು ಒಡೆಯಬಹುದು, ಬೆರಳು ಒಳಗೆ ಹೋಗಬಹುದು. ಕಲ್ಲು ಸವೆದಂತೆ ಸಂದು ದೊಡ್ಡದಾಗುತ್ತಲೇ ಇರುತ್ತದೆ. ‘ಸಂದು 3 ಮಿ.ಮೀ. ಮೀರಬಾರದು’ ಎಂದು ಗೋಡೆಯ ಮೇಲೆ ಬರೆಯುವ ಬದಲು, 3 ಮಿಲಿಮೀಟರ್ ದಪ್ಪದ ತಗಡಿನ ಒಂದು ತುಂಡಿಗೆ ಹಳದಿ ಬಣ್ಣ ಬಳಿದು ಗ್ರೈಂಡರಿಗೇ ಸರಪಳಿಯಲ್ಲಿ ಕಟ್ಟಿ ಎಂದು ನಾನು ಹೇಳುತ್ತೇನೆ. ಸ್ವಿಚ್ ಹಾಕುವ ಮೊದಲು ಮಗು ಅದನ್ನು ಸಂದಿಗೆ ಹಿಡಿದು ನೋಡುತ್ತದೆ. ಸಡಿಲವಾಗಿ ಅಲ್ಲಾಡಿದರೆ ಮೇಷ್ಟ್ರನ್ನು ಕರೆಯುತ್ತದೆ. ಓದಬೇಕಾದ ಎಚ್ಚರಿಕೆ ಅಲ್ಲಿ ಮುಟ್ಟಿ ನೋಡುವ ಎಚ್ಚರಿಕೆ ಆಗುತ್ತದೆ. ನೆಲದ ಮೇಲೆ ಕಲ್ಲಿನ ನೇರಕ್ಕಲ್ಲದೆ ಒಂದು ಪಕ್ಕಕ್ಕೆ ಎರಡು ಹೆಜ್ಜೆಯ ಗುರುತು ಬಿಡಿಸಿದರೆ, ಯಂತ್ರ ಶುರುವಾಗುವ ಗಳಿಗೆಯಲ್ಲಿ ಎಲ್ಲಿ ನಿಲ್ಲಬೇಕು ಎಂದು ಪ್ರತ್ಯೇಕ ಹೇಳಬೇಕಾಗಿಲ್ಲ. ಸುತ್ತ ಒಂದು ಹಳದಿ ಗೆರೆ ಎಳೆದು, ಗೆರೆಯೊಳಗೆ ಒಂದೇ ಮಗು ಎಂಬ ನಿಯಮ ಮಾಡಬೇಕು.

ಡ್ರಿಲ್ಲಿಂಗ್ ಮೆಷಿನ್ನಿಗೆ ಬಂದರೆ ಅಂತರರಾಷ್ಟ್ರೀಯ ಪುಸ್ತಕದ ಚಿತ್ರಗಳು ನಮಗೆ ಸಾಲುವುದಿಲ್ಲ. ಅವುಗಳಲ್ಲಿರುವ ಮನುಷ್ಯ ಒಂದು ಬೋಳು ತಲೆ, ಎರಡು ಕೈ, ಪ್ಯಾಂಟು. ನಮ್ಮ ಹೆಣ್ಣುಮಕ್ಕಳು ಎರಡು ಜಡೆ ಹಾಕಿ ರಿಬ್ಬನ್ ಕಟ್ಟಿಕೊಂಡು, ವೇಲ್ ಹೊದ್ದು, ಗಾಜಿನ ಬಳೆ ತೊಟ್ಟು ಬರುತ್ತಾರೆ. ಗಂಡುಹುಡುಗರ ಮಣಿಕಟ್ಟಿನಲ್ಲಿ ಜಾತ್ರೆಯ ದಾರ. ಇವೆಲ್ಲ ಡ್ರಿಲ್ ಕಡ್ಡಿ ಹಿಡಿದು ತಿರುಗುವ ಚಕ್ಕಿಗೆ ಸಿಗುವ ವಸ್ತುಗಳು. ನಿಮಿಷಕ್ಕೆ ಸಾವಿರ ಸುತ್ತು ಎಂದರೆ ಸೆಕೆಂಡಿಗೆ ಹದಿನಾರು. ಮಗು ಬೆಚ್ಚಿ ಕೈ ಹಿಂದೆಳೆಯುವ ಕಾಲು ಸೆಕೆಂಡಿನಲ್ಲಿ ಚಕ್ ನಾಲ್ಕು ಸುತ್ತು ತಿರುಗಿರುತ್ತದೆ, 40 ಮಿಲಿಮೀಟರ್ ಚಕ್ ಆದರೆ ಅರ್ಧ ಮೀಟರ್ ರಿಬ್ಬನ್ ಸುತ್ತಿಕೊಂಡಿರುತ್ತದೆ. ಎರಡು ಜಡೆಯ ಹುಡುಗಿಯನ್ನೇ ಚಿತ್ರದಲ್ಲಿ ಬಿಡಿಸಿ: ಒಂದರಲ್ಲಿ ಜಡೆ ತೂಗುತ್ತಿದೆ, ಓರೆ ಗೆರೆ ಎಳೆದಿದೆ, ಪಕ್ಕದಲ್ಲಿ ಜಡೆ ಎತ್ತಿ ಟೋಪಿಯೊಳಗೆ ಕಟ್ಟಿದೆ, ವೇಲನ್ನು ತೆಗೆದಿಟ್ಟಿದೆ. ವೇಲ್ ತೆಗೆದಿಡಲು ಒಂದು ಗೂಟ, ಮೈಮುಚ್ಚುವ ಹಾಗೆ ತೊಡಲು ಒಂದು ಏಪ್ರನ್ ಅಲ್ಲೇ ಇರಬೇಕು. ಸಾಧ್ಯವಾಗದ್ದನ್ನು ಕೇಳುವ ಫಲಕವನ್ನು ಮಕ್ಕಳು ಪಾಲಿಸುವುದಿಲ್ಲ, ಪಾಲಿಸಲಿಲ್ಲವೆಂದು ಅವರನ್ನು ಬೈಯುವ ಹಕ್ಕು ನಮಗಿಲ್ಲ.

ಡ್ರಿಲ್ಲಿನ ಮುಂದೆ ಕೈಗವಸು ಹಾಕಬಾರದು. ಬಟ್ಟೆಯ ತುದಿ ಸಿಕ್ಕಿದರೆ ಬೆರಳನ್ನೂ ಎಳೆದುಕೊಂಡು ಹೋಗುತ್ತದೆ. ಪಕ್ಕದ ವೆಲ್ಡಿಂಗ್ ಮೇಜಿನಲ್ಲಿ ಕೈಗವಸು ಹಾಕಲೇಬೇಕು. ಹಾಗಾದರೆ ಬಾಗಿಲಲ್ಲೇ ಎಲ್ಲ ಚಿಹ್ನೆಗಳನ್ನೂ ಒಟ್ಟಿಗೆ ಮುದ್ರಿಸಿ ತೂಗುಹಾಕುವ ದೊಡ್ಡ ಫ್ಲೆಕ್ಸಿಗೆ ಏನು ಅರ್ಥ? ಅಂಥ ಫ್ಲೆಕ್ಸ್ ಉದ್ಘಾಟನೆಯ ದಿನದ ಫೋಟೊಕ್ಕೆ ಚೆನ್ನ. ನನ್ನ ಮಾತು ಕೇಳಿದರೆ ಅದನ್ನು ಇಳಿಸಿ, ಒಂದೊಂದು ಯಂತ್ರಕ್ಕೆ ಮೂರಕ್ಕಿಂತ ಹೆಚ್ಚಿಲ್ಲದ ಗುರುತುಗಳನ್ನು ಅದರದೇ ಪಕ್ಕದಲ್ಲಿ ಹಾಕಿ. ಚಕ್ ಬಿಗಿಸುವ ಕೀಗೆ ಮೆಷಿನ್ನಿನ ಮೈಮೇಲೆಯೇ ಅದರ ಆಕಾರದ ನೆರಳು ಬಿಡಿಸಿ ಒಂದು ಮೊಳೆ ಹೊಡೆಯಿರಿ. ನೆರಳು ಖಾಲಿ ಇದ್ದರೆ ಕೀ ಚಕ್ಕಿನಲ್ಲೇ ಉಳಿದಿದೆ, ಸ್ವಿಚ್ ಮುಟ್ಟಬಾರದು. ತುರ್ತು ನಿಲುಗಡೆಯ ಗುಂಡಿ ಅಣಬೆಯಂತೆ ಉಬ್ಬಿದ ಕೆಂಪು ಬಣ್ಣದ್ದು, ಹಿಂದೆ ಹಳದಿ; ಅದನ್ನು ಬೆರಳಿನಿಂದ ಹುಡುಕಿ ಒತ್ತದೆ ಅಂಗೈಯಿಂದ ಗುದ್ದಬೇಕು ಎಂದು ಪ್ರತಿ ಮಗುವಿನಿಂದಲೂ ಮಾಡಿಸಬೇಕು.

ಇನ್ನು ಅಕ್ಷರಗಳ ವಿಚಾರ. ನಮ್ಮ ವಿದ್ಯುತ್ ನಿಯಮಗಳು 1956ರಲ್ಲೇ ಅಪಾಯದ ಫಲಕ ಜಿಲ್ಲೆಯ ಭಾಷೆಯಲ್ಲೂ ಇರಬೇಕೆಂದು ವಿಧಿಸಿದ್ದವು. ಟ್ರಾನ್ಸ್‌ಫಾರ್ಮರ್ ಕಂಬದ ಕನ್ನಡ ಅಲ್ಲಿಂದ ಬಂದದ್ದು. ಆದರೆ ಕನ್ನಡದಲ್ಲಿ ಬರೆದ ಮಾತ್ರಕ್ಕೆ ಓದಲು ಆಗುತ್ತದೆ ಎಂದಲ್ಲ. ಇಂಗ್ಲಿಷ್ ಅಕ್ಷರಗಳ ಸಾಲಿನ ಅಂತರದಲ್ಲೇ ಕನ್ನಡವನ್ನು ಕೂರಿಸಿದರೆ ‘ವಿದ್ಯುತ್’, ‘ಸ್ವಿಚ್’, ‘ಕಣ್ಣು’ ಪದಗಳ ಒತ್ತಕ್ಷರ ಕೆಳಸಾಲಿನ ಗುಡಿಸಿಗೆ ತಾಗಿ ಮಸಿಯಾಗುತ್ತದೆ. ಸ್ಟಿಕ್ಕರ್ ಕತ್ತರಿಸುವಾಗ ಮೊದಲು ಕಿತ್ತುಹೋಗುವುದೂ ಒತ್ತೇ. ಒತ್ತಿಗೆ ಜಾಗ ಬಿಡಿ. ಕನ್ನಡದಲ್ಲಿ ನಿಷೇಧ ವಾಕ್ಯದ ಕೊನೆಗೆ ಬರುತ್ತದೆ. ‘ತಿರುಗುವಾಗ ಮುಟ್ಟ’ ಎಂದು ಒಂದು ಸಾಲಿನಲ್ಲಿ ಬರೆದು ‘ಬೇಡಿ’ಯನ್ನು ಕೆಳಗಿನ ಸಾಲಿಗೆ ತಳ್ಳಿದರೆ, ಆ ಮೂಲೆಗೊಂದು ಬಟ್ಟೆ ನೇತುಹಾಕಿದಾಗ ಅರ್ಥವೇ ತಿರುಗಿಹೋಗುತ್ತದೆ. ಒಂದು ಆಜ್ಞೆ ಒಂದೇ ಸಾಲಿನಲ್ಲಿ ಮುಗಿಯಲಿ. ಗುರುತಿನ ಗಾತ್ರಕ್ಕೆ ಸುಲಭದ ಲೆಕ್ಕ: ನೋಡುವ ದೂರದ ನೂರನೇ ಒಂದು ಭಾಗದಷ್ಟು ಎತ್ತರ. ಹತ್ತು ಮೀಟರ್ ದೂರದಿಂದ ಕಾಣಬೇಕಾದ ಬಾಗಿಲ ಗುರುತು ಹತ್ತು ಸೆಂಟಿಮೀಟರ್ ಎತ್ತರವಾದರೂ ಇರಲಿ. ಯಂತ್ರದ ಬಳಿಯ ಗುರುತನ್ನು ಮೇಷ್ಟ್ರ ಕಣ್ಣಿನ ಎತ್ತರಕ್ಕೆ ಹಾಕದೆ ಎಂಟನೇ ತರಗತಿಯ ಅತಿ ಕುಳ್ಳಗಿರುವ ಮಗುವನ್ನು ನಿಲ್ಲಿಸಿ ಗುರುತು ಮಾಡಿಕೊಳ್ಳಿ.

ಬರೆಯುವವರು ಯಾರು? ಫ್ಲೆಕ್ಸ್ ಬಂದ ಮೇಲೆ ಕುಂಚ ಕೆಳಗಿಟ್ಟ ಬೋರ್ಡ್ ಪೇಂಟರುಗಳು ನಮ್ಮ ಕಡೆಯ ಊರುಗಳಲ್ಲಿ ಇನ್ನೂ ಇದ್ದಾರೆ. ತಗಡಿನ ಮೇಲೆ ಎನಾಮಲ್ ಬಣ್ಣದಲ್ಲಿ ಅವರು ಬರೆದದ್ದು ಬಿಸಿಲಿಗೆ, ಕೆಂಧೂಳಿಗೆ ಫ್ಲೆಕ್ಸಿಗಿಂತ ಚೆನ್ನಾಗಿ ತಡೆಯುತ್ತದೆ. ಎಣ್ಣೆ ಕೈ ತಾಗಿದರೂ ಒರೆಸಬಹುದು. ಒಬ್ಬ ಪೇಂಟರನ್ನು ಕರೆಸಿ, ಚಿತ್ರಕಲಾ ಶಿಕ್ಷಕರನ್ನು ಜೊತೆಗಿಟ್ಟು, ಮಕ್ಕಳಿಂದ ಕರಡು ಬಿಡಿಸಿ, ಕೆಳ ತರಗತಿಯ ಮಕ್ಕಳ ಮುಂದೆ ಪರೀಕ್ಷಿಸಿ, ಆಮೇಲೆ ತಗಡಿಗೆ ಹಾಕಿಸಿ. ಯಂತ್ರ ಕೆಟ್ಟು ಮೂಲೆಗೆ ಸೇರಿದರೆ ಅದರ ಫಲಕವನ್ನು ಅದೇ ದಿನ ತೆಗೆಯಿರಿ; ಇಲ್ಲದ ಅಪಾಯವನ್ನು ಸಾರುವ ಫಲಕ ಇರುವ ಅಪಾಯದ ಫಲಕದ ಬೆಲೆಯನ್ನೂ ಕಳೆಯುತ್ತದೆ. ವರ್ಷಕ್ಕೊಮ್ಮೆ ಎಲ್ಲವನ್ನೂ ಮರುನೋಡಲು ಮಾರ್ಚ್ 4, ರಾಷ್ಟ್ರೀಯ ಸುರಕ್ಷತಾ ದಿನ, ಇದ್ದೇ ಇದೆ. ಅದು ಪರೀಕ್ಷೆಯ ಕಾಲ, ಶಾಲೆಗೆ ಅನುಕೂಲವಲ್ಲ ಎನಿಸಿದರೆ ಜೂನಿನ ಮೊದಲ ವಾರ ಇನ್ನೂ ಒಳ್ಳೆಯದು, ಹೊಸ ಮಕ್ಕಳು ಬಂದಿರುತ್ತಾರೆ.

ಈ ಊರಿನ ಶಿಕ್ಷಕರಿಗೆ ನನ್ನದೊಂದು ಕೋರಿಕೆ. ಎಂಟು ಗುರುತುಗಳ ಚಿತ್ರ, ಕೆಳಗೆ ಆ ಎರಡು ಪ್ರಶ್ನೆ, ಉತ್ತರ ಬರೆಯಲು ಖಾಲಿ ಜಾಗ ಇರುವ ಹಾಳೆಗಳನ್ನು ತಂದಿದ್ದೇನೆ; ಮುಖ್ಯೋಪಾಧ್ಯಾಯರ ಬಳಿ ಬಿಟ್ಟು ಹೋಗುತ್ತೇನೆ. ಏಳನೇ ತರಗತಿಯ ಮಕ್ಕಳನ್ನು ಒಬ್ಬೊಬ್ಬರನ್ನೇ ಕೂರಿಸಿ ಕೇಳಿ, ಅವರ ಮಾತಿನಲ್ಲೇ ಬರೆದುಕೊಳ್ಳಿ. ತಪ್ಪು ಉತ್ತರಕ್ಕೆ ಅಂಕ ಕಳೆಯಬೇಡಿ, ಅವನ್ನು ಬೇರೆ ಹಾಳೆಗೆ ಎತ್ತಿ ಬರೆಯಿರಿ. ನಮಗೆ ಬೇಕಾದದ್ದು ಅವೇ. ಅವುಗಳನ್ನು ಮುಂದಿಟ್ಟುಕೊಂಡು ಪೇಂಟರ್ ಜೊತೆ ಕೂರುವ ದಿನ ನನ್ನನ್ನೂ ಕರೆಯಿರಿ, ಬರುತ್ತೇನೆ.